ತರಬಾರದ ಸಾಮಾನು

ಯಾರಾದರೂ ಕಾಗದ ಓದಿ ಹೇಳುತ್ತೇನೆಂದರೆ ನನಗೆ ಕುಂತಲ್ಲಿ ಕೂರಲಾಗುವುದಿಲ್ಲ. ಅದು ಲಗ್ನಪತ್ರಿಕೆ ಇರಲಿ, ಕಂದಾಯದ ನೋಟೀಸಿರಲಿ, ಔಷಧಿ ಡಬ್ಬಿಯ ಮೇಲಿನ ಚೀಟಿಯೇ ಇರಲಿ, ಎದ್ದು ಹೋಗಿ ಓದುವವರ ಬೆನ್ನ ಹಿಂದೆ ನಿಲ್ಲುತ್ತೇನೆ. ಕತ್ತು ಚಾಚಿ, ಅವರ ಕಣ್ಣು ಯಾವ ಸಾಲಿನಲ್ಲಿದೆ, ಬಾಯಿ ಯಾವ ಸಾಲಿನಲ್ಲಿದೆ ಎಂದು ತಾಳೆ ನೋಡುತ್ತೇನೆ. ಮನೆಯವಳಿಗೆ ಇದು ಮದುವೆಯಾದಂದಿನಿಂದ ತಲೆನೋವು. "ಯಾಕ್ರಿ, ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಎಂದು ಕಾಗದವನ್ನೇ ನನ್ನ ಕೈಗೆ ತುರುಕಿ ಒಳಗೆ ಹೋಗಿಬಿಡುತ್ತಾಳೆ. ಅವಳ ಮೇಲೆ ನಂಬಿಕೆ ಇಲ್ಲದೆ ಏನು. ನನಗೆ ನಂಬಿಕೆ ಇಲ್ಲದ್ದು ಕಾಗದ ಓದಿ ಹೇಳುವ ಜಾತಿಯ ಮೇಲೆ. ಆ ಜಾತಿಯ ಒಬ್ಬನ ಪರಿಚಯ ನನಗೆ ಚೆನ್ನಾಗಿಯೇ ಇದೆ.

ಮೊನ್ನೆ ಮೊಮ್ಮಗಳು ಹಾಸ್ಟೆಲಿಗೆ ಹೊರಟಳು. ಅಲ್ಲಿಂದ ಇಂಗ್ಲಿಷಿನಲ್ಲಿ ಒಂದು ಪಟ್ಟಿ ಬಂದಿತ್ತು. ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಏನೇನು ತರಬಾರದು ಎಂದು ಓದುತ್ತಿದ್ದಳು. ಇಸ್ತ್ರಿಪೆಟ್ಟಿಗೆ ತರಬಾರದು, ಸ್ಟೋವು ತರಬಾರದು, ಬಂಗಾರ ತರಬಾರದು. ಅಲ್ಲಿಯ ತನಕ ಸರಿಯಾಗಿತ್ತು. ಆಮೇಲೆ ಸ್ವಲ್ಪ ತಡೆದು, "ಉಪ್ಪಿನಕಾಯಿ ಭರಣಿ ತರಬಾರದು" ಎಂದಳು. ಆ ತಡೆದದ್ದಿದೆಯಲ್ಲ, ಅದು ನನಗೆ ಗೊತ್ತು. ನಾನು ಕುರ್ಚಿಯಿಂದ ಎದ್ದೆ. "ಎಲ್ಲಿ, ಆ ಉಪ್ಪಿನಕಾಯಿ ಸಾಲು ತೋರಿಸು ನೋಡೋಣ" ಎಂದೆ. ಹುಡುಗಿ ಕಾಗದವನ್ನು ಬೆನ್ನ ಹಿಂದೆ ಇಟ್ಟುಕೊಂಡು ನಕ್ಕುಬಿಟ್ಟಳು. ನಾನು ಮತ್ತೆ ಕೇಳಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ನಮ್ಮದು ಶಹಾಬಾದ. ಆಗ ನಿಜಾಮರ ರಾಜ್ಯ. ಅಪ್ಪನದು ಫರ್ಶಿಯ ಅಂಗಳ. ಗಣಿಯಿಂದ ಬಂದ ಹಾಸುಗಲ್ಲನ್ನು ಉಸುಕು, ನೀರು ಹಾಕಿ ತಿಕ್ಕಿ ತಿಕ್ಕಿ ನುಣುಪು ಮಾಡಿ ಗಾಡಿಗೇರಿಸುವ ಕೆಲಸ. ಬೆಳಗಿನಿಂದ ಸಂಜೆಯ ತನಕ ಕಲ್ಲಿನ ಮೇಲೆ ಕಲ್ಲು ಉಜ್ಜುವ ಸಪ್ಪಳ. ನಮ್ಮ ಮನೆಯಲ್ಲಿ ಯಾರೂ ಮೆತ್ತಗೆ ಮಾತಾಡಿದ್ದು ನನಗೆ ನೆನಪಿಲ್ಲ. ಮೆತ್ತಗೆ ಮಾತಾಡಿದರೆ ಕೇಳಬೇಕಲ್ಲ. ಅಪ್ಪನ ಹುಬ್ಬಿನ ಮೇಲೆ ಯಾವಾಗಲೂ ಕಲ್ಲುಪುಡಿ ಕೂತಿರುತ್ತಿತ್ತು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ವಿಭೂತಿ ಧರಿಸಿಕೊಂಡು ಬಂದರೂ ವಿಭೂತಿ ಎಲ್ಲಿ ಮುಗಿಯಿತು, ಕಲ್ಲುಪುಡಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಅಪ್ಪನಿಗೆ ದಖನಿ ಉರ್ದು ಮಾತಾಡಲು ಚೆನ್ನಾಗಿ ಬರುತ್ತಿತ್ತು. ಹೈದರಾಬಾದಿನ ಗುತ್ತೇದಾರರ ಜೊತೆ ಚೌಕಾಸಿ ಮಾಡಿ ಮಾಡಿ ಬಂದ ಮಾತು ಅದು. ಆದರೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ, ಅದೂ ದೊಡ್ಡಕ್ಷರವಾದರೆ. ಸರಕಾರದ ಕಾಗದಗಳೆಲ್ಲ ಉರ್ದುವಿನಲ್ಲಿ. ಒಂದು ಕಾಗದ ಬಂತೆಂದರೆ ಅಪ್ಪ ಅದನ್ನು ರುಮಾಲಿನ ಸುತ್ತಿನಲ್ಲಿ ಸಿಕ್ಕಿಸಿಕೊಂಡು ಪಕ್ಕದ ಅಂಗಳದ ಮುನ್ಷಿಯ ಮನೆಗೆ ಹೋಗಿ, ಅವರು ಊಟ ಮುಗಿಸಿ, ಎಲೆ ಅಡಿಕೆ ಹಾಕಿ, ಕನ್ನಡಕ ಒರೆಸಿಕೊಳ್ಳುವ ತನಕ ಕಟ್ಟೆಯ ಕೆಳಗೆ ನಿಂತಿರಬೇಕಾಗುತ್ತಿತ್ತು. ನಾನು ಉರ್ದು ಮದರಸೆಯಲ್ಲಿ ಮೂರನೆಯ ಇಯತ್ತೆ ಮುಗಿಸಿದ ವರ್ಷ ಮೊದಲ ಸಲ ಒಂದು ಕಾಗದವನ್ನು ತಡವರಿಸುತ್ತ ಓದಿ ಹೇಳಿದೆ. ಅಪ್ಪ ಅಂದು ಎದ್ದು ನಿಂತು ಅವ್ವನಿಗೆ ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ. "ಇನ್ನ ಮುನ್ಷಿ ಮುಂದ ನಿಂದರೋದು ತಪ್ತು ನೋಡು. ಮನ್ಯಾಗ ಓದಾವ ಹುಟ್ಯಾನ."

ಅಂಥ ಮನೆಯಲ್ಲಿ ನನಗೆ ಕಾಲು ನಿಲ್ಲುತ್ತಿರಲಿಲ್ಲ. "ಇವನ ಚಡ್ಡ್ಯಾಗ ಇರುವಿ ಹೊಕ್ಕಾವ" ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಗುಲಬರ್ಗದಲ್ಲಿ ಸೋದರಮಾವನ ಮನೆಯಲ್ಲಿದ್ದು ಮೆಟ್ರಿಕ್ ಮುಗಿಸುವ ಹೊತ್ತಿಗೆ ಆ ಇರುವೆಗಳು ಹೈದರಾಬಾದಿನ ದಾರಿ ಹಿಡಿದಿದ್ದವು. ಅಲ್ಲಿ ಕಾಲೇಜು, ಬೋರ್ಡಿಂಗು, ಬೂಟು, ಶೇರವಾನಿ. ಅಲ್ಲಿ ನಾನು ಯಾರ ಮಗನೂ ಅಲ್ಲ, ಬರೀ ನಾನು. ಈ ಆಸೆಗೆ ಒಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಗುಲಬರ್ಗದ ಶಾಲೆಯಲ್ಲಿ ಒಮ್ಮೆ ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿದ್ದರು. ಅಪ್ಪನಿಗೆ ಒಂದು ಚಟ. ಯಾವ ಮನೆಗೆ, ಯಾವ ಗುಡಿಗೆ ಹೋಗಲಿ, ಮೊದಲು ನೆಲ ನೋಡುವುದು, ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಸವರುವುದು. ಹೆಡ್‌ಮಾಸ್ತರರ ಕೋಣೆಯಲ್ಲೂ ಹಾಗೆಯೇ ಕೂತು, ನೆಲ ಸವರಿ, "ಸಾಹೇಬ್ರ, ಈ ಫರ್ಶಿ ಯಾರು ಹಾಕ್ಯಾರ? ಉಲ್ಟಾ ಹಾಕ್ಯಾರ" ಎಂದ. ಬಾಗಿಲಲ್ಲಿ ನಿಂತ ಹುಡುಗರು ನಕ್ಕರು. ಆ ವರ್ಷವೆಲ್ಲ ನನ್ನನ್ನು ಉಲ್ಟಾ ಫರ್ಶಿ ಎಂದೇ ಕರೆದರು. ಹದಿನಾರರ ವಯಸ್ಸಿಗೆ ಅಷ್ಟು ಸಾಕು.

ಬೋರ್ಡಿಂಗಿನ ಕಾಗದ ಬಂದ ದಿನ ಮನೆಯಲ್ಲಿ ಹಬ್ಬ. ಅಪ್ಪ ಕೆಲಸ ನಿಲ್ಲಿಸಿ ಕೈ ತೊಳೆದು ಬಂದ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಕಂಬಕ್ಕೆ ಆತುಕೊಂಡಳು. ಆಯಿ ತನ್ನ ಸೂಜಿ ದಾರದ ಗಂಟಿನೊಡನೆ ನಡುಮನೆಗೆ ಸರಿದಳು.

"ಸಾವಕಾಶ ಓದು ತಮ್ಮಾ" ಎಂದ ಅಪ್ಪ. "ಅವ್ವಗ, ಆಯಿಗ ತಿಳಿಯಂಗ ಕನ್ನಡದಾಗ ಹೇಳು."

ಕಾಗದ ಒಂದೇ ಪುಟ. ಇಂಥ ತಾರೀಕಿಗೆ ಹಾಜರಾಗಬೇಕು, ಇಂಥಿಂಥ ಸಾಮಾನು ತರಬೇಕು, ಇಂಥಿಂಥದು ತರಬಾರದು. ತಾರೀಕಿನ ಸಾಲನ್ನು ಪ್ರಾಮಾಣಿಕವಾಗಿಯೇ ಓದಿದೆ. ಸಾಮಾನಿನ ಸಾಲು ಬಂದಾಗ ಕಣ್ಣು ಕಾಗದದಿಂದ ಸರಿದು ಆಯಿಯ ತೊಡೆಯ ಮೇಲೆ ಬಿತ್ತು. ಅಲ್ಲಿ ಆ ಕೌದಿ ಇತ್ತು. ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಎರಡು ತಿಂಗಳಿಂದ ನನಗಾಗಿಯೇ ಹೊಲಿಯುತ್ತಿದ್ದಳು. ಹಸಿರು, ಕೆಂಪು, ಅರಿಷಿಣ, ನಡುವೆ ಅವ್ವನ ಧಾರೆ ಸೀರೆಯ ಒಂದು ತುಂಡು. ಹೈದರಾಬಾದಿನ ಶೇರವಾನಿಗಳ ನಡುವೆ ನಾನು ಆ ಕೌದಿ ಬಿಚ್ಚುವುದು ಕಣ್ಣಿಗೆ ಕಟ್ಟಿತು.

"ಹೊಲಿದ ಹಾಸಿಗಿ ತರಬಾರದು ಅಂತದ" ಎಂದೆ.

ಆಯಿಯ ಸೂಜಿ ನಿಂತಿತು. "ಯಾಕಂತ?"

"ತಗಣಿ ಆಗ್ತಾವಂತ."

"ನನ್ನ ಕೌದ್ಯಾಗ ತಗಣಿ?" ಎಂದಳು ಆಯಿ. ಮುಂದಿನ ಎರಡು ದಿನ ಅದನ್ನು ಅಂಗಳದ ಬಿಸಿಲಿಗೆ ಹಾಕಿ ಹೊಲಿಗೆ ಹೊಲಿಗೆ ಬಿಡಿಸಿ ನೋಡಿದಳು. ಒಂದೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಹೈದರಾಬಾದಿನವರ ಮೇಲೆ ಅವಳಿಗೆ ಹುಟ್ಟಿದ ಸಿಟ್ಟು ಕೊನೆಯ ತನಕ ಹೋಗಲಿಲ್ಲ.

ಸುಳ್ಳು ಇಷ್ಟು ಸಲೀಸಾಗಿ ದಾಟುತ್ತದೆಂದು ನನಗೇ ಗೊತ್ತಿರಲಿಲ್ಲ. ಕಾಲಲ್ಲಿದ್ದ ಇರುವೆಗಳು ನಾಲಿಗೆಗೆ ಬಂದವು. ಕಂದೀಲು ತರಬಾರದು, ನಮ್ಮ ಕಂದೀಲಿನ ಗಾಜು ಸೀಳಿತ್ತು. ಕಟಗ ರೊಟ್ಟಿ ತರಬಾರದು, ಶೇಂಗಾ ಹಿಂಡಿ ತರಬಾರದು, ಬಜೆ, ಅಜವಾನದ ಶೀಸೆ ತರಬಾರದು. ಅವ್ವ ಒಂದೊಂದಕ್ಕೂ ತಲೆದೂಗುತ್ತ ಮನಸ್ಸಿನಲ್ಲೇ ಪೆಟ್ಟಿಗೆಯಿಂದ ತೆಗೆದು ಇಡುತ್ತಿದ್ದಳು. ನಡುವೆ ಅಪ್ಪ ಮೆಲ್ಲಗೆ ಎದ್ದು ಹೋಗಿ ಗೋಣಿತಾಟಿನಲ್ಲಿ ಸುತ್ತಿದ ಏನನ್ನೋ ತಂದು ಮುಂದಿಟ್ಟ. ಬಿಚ್ಚಿದರೆ ಒಂದು ಚೌಕ ಫರ್ಶಿ. ಅಂಚು ಕೊರೆದು ಎಂಟು ದಿನ ತಾನೇ ಕೂತು ತಿಕ್ಕಿದ್ದನಂತೆ. ಮುಖ ಕಾಣುವಂತಿತ್ತು.

"ಅಲ್ಲಿ ನೆಲ ಹ್ಯಾಂಗಿರ್ತದೋ ಏನೋ. ಇದರ ಮ್ಯಾಲ ಕುಂತು ಪೂಜಿ ಮಾಡಪಾ" ಎಂದ.

"ಕಲ್ಲು ತರಬಾರದು ಅಂತದ" ಎಂದೆ.

ಅಪ್ಪ ಬಾಗಿ ಕಾಗದದ ಅಕ್ಷರಗಳನ್ನು ನೋಡಿದ. ಅವನಿಗೆ ಅವು ಬರೀ ಗೆರೆ. "ಕಲ್ಲು ಅಂತ ಬರ್ದಾರ?"

"ಹೌದು."

"ಯಾವ ಕಲ್ಲಂತ ಬರ್ದಾರ? ನಮ್ಮ ಶಹಾಬಾದ ಕಲ್ಲೋ, ತಾಂಡೂರ ಕಲ್ಲೋ?"

ತಾಂಡೂರಿನ ಕಲ್ಲಿಗೂ ನಮ್ಮ ಕಲ್ಲಿಗೂ ಸವತಿ ಮತ್ಸರ. ಅದೊಂದನ್ನೇ ಬೇಡವೆಂದಿದ್ದರೆ ಅಪ್ಪನಿಗೆ ಸಂತೋಷವಾಗುತ್ತಿತ್ತು. ನಾನು ಗಂಭೀರವಾಗಿ, "ಎರಡೂ" ಎಂದೆ. ಅಪ್ಪ ಕಲ್ಲನ್ನು ಮತ್ತೆ ತಾಟಿನಲ್ಲಿ ಸುತ್ತಿದ.

ಆಮೇಲೆ ಕೇಳಿದ, "ಮತ್ತ ನಾ?"

"ನೀ ಅಂದ್ರ?"

"ನಾ ಬರೋದು. ಅದರ ಬಗ್ಗೆ ಏನರ ಬರ್ದಾರೇನು?"

ಬರೆದಿದ್ದರು. ಕಾಗದದ ನಾಲ್ಕನೆಯ ಸಾಲಿನಲ್ಲಿ, ಹುಡುಗನ ತಂದೆ ಇಲ್ಲವೆ ಪಾಲಕರು ಜೊತೆಯಲ್ಲಿ ಬಂದು ರುಜು ಹಾಕತಕ್ಕದ್ದು ಎಂದು ಸ್ಪಷ್ಟವಾಗಿತ್ತು. ನನ್ನ ಹೆಬ್ಬೆರಳು ಆ ಸಾಲಿನ ಮೇಲೆಯೇ ಇತ್ತು. ರುಜು ತಾನೆ, ಅಲ್ಲಿ ಹೋಗಿ ಏನಾದರೂ ಹೇಳಿದರಾಯಿತು ಎಂದುಕೊಂಡೆ. ಆದರೆ ಅಪ್ಪ ಬಂದು, ಬೋರ್ಡಿಂಗಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ಸವರಿದರೆ ಮುಗಿಯಿತು, ಮತ್ತೆ ನಾಲ್ಕು ವರ್ಷ ನಾನು ಉಲ್ಟಾ ಫರ್ಶಿ.

"ಮನಿಯವರು ಯಾರೂ ಬರಬಾರದು ಅಂತದ."

"ಯಾರೂ?"

"ಯಾರೂ."

ಅಪ್ಪ ಹೊಸದೊಂದು ಕೋಟು ಹೊಲಿಸಿದ್ದು ನನಗೆ ಗೊತ್ತಿತ್ತು. ಗೂಟಕ್ಕೆ ತೂಗುಹಾಕಿತ್ತು. ಅದರ ಕಡೆ ಒಮ್ಮೆ ನೋಡಿ, "ಕಾನೂನಂದ್ರ ಕಾನೂನು. ಏನ ಮಾಡೂಣು" ಎಂದ. ಅವ್ವ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ವಿಭೂತಿಗಟ್ಟಿಯ ಪಕ್ಕ ಇಟ್ಟಳು. ಮಗನಿಗೆ ಜಾಗ ಕೊಟ್ಟ ಕಾಗದವಲ್ಲವೆ. ಹೊರಡುವ ತನಕ ಅದನ್ನು ಅಲ್ಲಿಂದ ಹಾರಿಸಬೇಕೆಂದು ಮೂರು ಸಲ ಹೋದೆ. ಮೂರು ಸಲವೂ ಅಲ್ಲಿ ಯಾರಾದರೊಬ್ಬರು ಕೈ ಮುಗಿಯುತ್ತ ನಿಂತಿದ್ದರು.

ಹೊರಡುವ ದಿನ ಅಪ್ಪ ಕೇಳಿದ, "ವಾಡಿ ತನಕ ಬಂದ್ರ ನಡೀತದೇನು? ವಾಡಿ ಹೆಸರೇನರ ಬರ್ದಾರೇನು?"

ವಾಡಿ ಬರೆದಿಲ್ಲ ಎಂದೆ. ನಾನು ಅಷ್ಟು ಕೆಟ್ಟವನಿರಲಿಲ್ಲ. ಶಹಾಬಾದದಿಂದ ಹೈದರಾಬಾದಿಗೆ ಹೋಗುವವರು ವಾಡಿಯಲ್ಲಿ ಇಳಿದು ಗಾಡಿ ಬದಲಿಸಬೇಕು. ಅಪ್ಪ ಟ್ರಂಕನ್ನು ತಾನೇ ಹೊತ್ತು ಈ ಗಾಡಿಯಿಂದ ಆ ಗಾಡಿಗೆ ಏರಿಸಿದ. ಟ್ರಂಕು ಹಗುರವಾಗಿತ್ತು. ಎರಡು ಜೊತೆ ಬಟ್ಟೆ, ನಾಲ್ಕು ಪುಸ್ತಕ, ಒಂದು ಕನ್ನಡಿ. ಗಾಡಿ ಸೀಟಿ ಹಾಕುವಾಗ ಕಿಟಕಿಯೊಳಗೆ ಒಂದು ಬಟ್ಟೆಯ ಗಂಟು ತೂರಿಸಿ ಸುತ್ತ ನೋಡಿ ಸಣ್ಣ ದನಿಯಲ್ಲಿ ಹೇಳಿದ, "ಅವ್ವ ಕೊಟ್ಟಾಳ. ರೊಟ್ಟಿ, ಹಿಂಡಿ. ಹೈದರಾಬಾದ ಮುಟ್ಟೋದ್ರಾಗ ತಿಂದು ಮುಗಸು. ಅಲ್ಲಿ ಇಳಿಯುವಾಗ ಕೈಯಾಗ ಏನೂ ಇರಬಾರದು."

ಗಾಡಿ ಬಿಟ್ಟಿತು. ಹಿಂದಿರುಗಿ ನೋಡಿದರೆ ಅಪ್ಪ ಕೈ ಬೀಸುವುದನ್ನು ಬಿಟ್ಟು, ಬಗ್ಗಿ ಪ್ಲಾಟ್‌ಫಾರ್ಮಿನ ಕಲ್ಲು ಸವರುತ್ತಿದ್ದ. ನನ್ನ ಡಬ್ಬಿಯಲ್ಲಿ ಯಾರೂ ಅದನ್ನು ನೋಡಲಿಲ್ಲವೆಂದು ಸಮಾಧಾನವಾಯಿತು. ಚಿತ್ತಾಪುರ ದಾಟಿದ ಮೇಲೆ ಗಂಟು ಬಿಚ್ಚಿದೆ. ಸೇಡಂ ಬರುವ ಹೊತ್ತಿಗೆ ಹೊಟ್ಟೆ ಬಿರಿಯುವಂತೆ ತಿಂದಿದ್ದೆ, ಇನ್ನೂ ಆರು ರೊಟ್ಟಿ ಉಳಿದಿದ್ದವು. ಮುಗಿಸಲೇಬೇಕಲ್ಲ ಎಂದು ಮತ್ತೆ ಕೈ ಹಾಕಿದೆ. ಆ ಕಾನೂನು ಮಾಡಿದವನು ನಾನೇ ಎಂಬುದು ನೆನಪಾದದ್ದು ಐದನೆಯ ರೊಟ್ಟಿಯಲ್ಲಿ. ಕಿಟಕಿಯ ಹತ್ತಿರ ಕೂತೆ, ಬಾಗಿಲ ಹತ್ತಿರ ನಿಂತೆ, ಪ್ರತಿ ನಿಲ್ದಾಣದಲ್ಲೂ ಇಳಿದು ಹತ್ತಿದೆ. ಎದುರಿನ ಮುದುಕರೊಬ್ಬರು, "ಎಲ್ಲಿ ಬೆಂಕಿ ಬಿದ್ದದ ತಮ್ಮಾ, ಕುಂದ್ರು" ಎಂದರು.

ಬೋರ್ಡಿಂಗಿನ ಅಂಗಳ ತಂದೆಯರಿಂದ ತುಂಬಿಹೋಗಿತ್ತು. ಒಬ್ಬರು ಮಂಚದ ಹಗ್ಗ ಎಳೆದು ನೋಡುತ್ತಿದ್ದರು, ಇನ್ನೊಬ್ಬರು ಬಾವಿಯ ನೀರು ಕುಡಿದು ನೋಡುತ್ತಿದ್ದರು. ಬೀದರಿನ ಕಡೆಯವರೊಬ್ಬರು ಅಡಿಗೆಯವನ ಜೊತೆ ಬೇಳೆಯ ವಿಷಯಕ್ಕೆ ಆಗಲೇ ಜಗಳ ತೆಗೆದಿದ್ದರು. ಹುಡುಗರ ಹತ್ತಿರ ಕೌದಿ, ಕಂದೀಲು, ಭರಣಿ, ಅವಲಕ್ಕಿಯ ಡಬ್ಬಿ, ಎಲ್ಲವೂ ಇದ್ದವು. ಕನ್ನಡಿ ಇಟ್ಟುಕೊಂಡು ಬಂದವನು ನಾನೊಬ್ಬನೇ. ತಲೆ ತಗ್ಗಿಸಿದರೆ ಕಾಲ ಕೆಳಗೆ, ಜಗಲಿಯ ಈ ತುದಿಯಿಂದ ಆ ತುದಿಯ ತನಕ, ನಮ್ಮ ಶಹಾಬಾದದ ಫರ್ಶಿ.

ಸುಪರಿಂಟೆಂಡೆಂಟ್ ಸಾಹೇಬರು ಬಿಳಿಗಡ್ಡದ ಶಾಂತ ಮನುಷ್ಯರು. "ವಾಲಿದ್ ಎಲ್ಲಿ?" ಎಂದು ಕೇಳಿದರು. ಕಟ್ಟಿಕೊಂಡು ಬಂದಿದ್ದ ಕಥೆಗಳನ್ನೆಲ್ಲ ಬಿಟ್ಟು, ಬಂದಿಲ್ಲ ಎಂದೆ. ತಂದೆಯ ರುಜು ಇಲ್ಲದೆ ಜಾಗ ಇಲ್ಲ, ಮೂರು ದಿನ ನೋಡುತ್ತೇನೆ, ಆಮೇಲೆ ಕಾದಿರುವ ಇನ್ನೊಬ್ಬ ಹುಡುಗನಿಗೆ ಕೊಡಬೇಕಾಗುತ್ತದೆ ಎಂದರು. ಕಾಲೇಜೂ ಹೋಯಿತು, ಶೇರವಾನಿಯೂ ಹೋಯಿತು ಎಂದು ಹೊರಗೆ ಬಂದು ಕೂತೆ. ಕೂರಲಾಗಲಿಲ್ಲ, ಎದ್ದೆ. ತಾರು ಕಳಿಸಿದರೆ ಅವ್ವ ಯಾರೋ ಸತ್ತರೆಂದು ಎದೆ ಒಡೆದುಕೊಳ್ಳುತ್ತಾಳೆ. ಕನ್ನಡದಲ್ಲಿ ದೊಡ್ಡಕ್ಷರದ ಕಾಗದ ಬರೆದೆ. ನಾಲ್ಕು ಸಲ ನಿಜ ಬರೆದು ಹರಿದೆ. ಐದನೆಯ ಸಲ ಬರೆದದ್ದು ಇದು: ಇಲ್ಲಿಯ ಕಾನೂನು ಬದಲಾಗಿದೆ, ಈಗ ತಂದೆಯವರು ಬರಬಹುದು, ತಕ್ಷಣ ಬಾ.

ಮೂರು ದಿನ ಬರಿಯ ಹಗ್ಗದ ಮಂಚದ ಮೇಲೆ ಮಲಗಿ ಬೆನ್ನೆಲ್ಲ ಚೌಕಳಿಯಾಯಿತು. ದಿನಾ ಪ್ರತಿ ಗಾಡಿಗೂ ನಿಲ್ದಾಣಕ್ಕೆ ಹೋಗುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನದ ಗಾಡಿಯಿಂದ ಅಪ್ಪ ಇಳಿದ. ಹೊಸ ಕೋಟು, ಒಗೆದ ರುಮಾಲು. ತಲೆಯ ಮೇಲೆ ಕೌದಿ, ಕೈಯಲ್ಲಿ ಕಂದೀಲು, ಹೆಗಲ ಮೇಲೆ ಗೋಣಿತಾಟಿನ ಕಲ್ಲು.

"ಇದೆಲ್ಲಾ ಯಾಕ ತಂದಿ?" ಎಂದೆ.

"ಕಾನೂನು ಬದ್ಲಾಗ್ಯಾದಂತ ಬರ್ದಿದ್ದೆಲ್ಲ. ನಾ ಬರಬಹುದಂದ್ರ ಇವೂ ಬರಬಹುದು ಅಂದ್ಕೊಂಡೆ."

ಸಾಮಾನನ್ನು ಜಗಲಿಯ ಕೊನೆಗೆ ಇಳಿಸಿ ಒಳಗೆ ಹೋದೆವು. ಸಾಹೇಬರ ಕೋಣೆಯಲ್ಲಿ ಅಪ್ಪ ಒಳ ಜೇಬಿನಿಂದ ಬೋರ್ಡಿಂಗಿನ ಕಾಗದ ತೆಗೆದು ಎರಡೂ ಕೈಯಿಂದ ಕೊಟ್ಟ. ದೇವರ ಗೂಡಿನಿಂದ ತಂದಿದ್ದ. ಸಾಹೇಬರು ಬಿಚ್ಚಿದಾಗ ಮೇಜಿನ ಮೇಲೆ ವಿಭೂತಿ ಉದುರಿತು. ಅವರು ಅದನ್ನು ಊದಲಿಲ್ಲ, ಒರೆಸಲಿಲ್ಲ. ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಅಪ್ಪನನ್ನು ಉರ್ದುವಿನಲ್ಲಿ ಕೇಳಿದರು: ತಂದೆ ಜೊತೆಗೆ ಬರಬೇಕೆಂದು ಇಷ್ಟು ಸ್ಪಷ್ಟವಾಗಿ ಬರೆದಿದ್ದೇವೆ, ಹಾಸಿಗೆ, ಕಂದೀಲು ತರಬೇಕೆಂದು ಬರೆದಿದ್ದೇವೆ, ಹುಡುಗನನ್ನು ಬರಿಗೈಯಲ್ಲಿ ಒಬ್ಬನನ್ನೇ ಯಾಕೆ ಕಳಿಸಿದಿರಿ?

ಅಪ್ಪನಿಗೆ ಒಂದೊಂದು ಮಾತೂ ತಿಳಿಯಿತು. ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿನ ವಿಭೂತಿಯನ್ನು ಬೆರಳಿಂದ ಒತ್ತಿ ಹಣೆಗೆ ಹಚ್ಚಿಕೊಂಡ. ನನಗೆ ಭೂಮಿ ಬಾಯಿ ತೆರೆಯಬಾರದೆ ಅನಿಸಿತು, ಆದರೆ ಕೆಳಗೆ ಶಹಾಬಾದದ ಕಲ್ಲು, ಅದು ಅಷ್ಟು ಸುಲಭವಾಗಿ ಬಾಯಿ ತೆರೆಯುವುದಿಲ್ಲ.

"ಗಲ್ತಿ ಹಮಾರಿಚ್ ಹೈ ಸಾಬ್" ಎಂದ ಅಪ್ಪ. ತಪ್ಪು ನಮ್ಮದೇ ಸಾಹೇಬರೆ, ನಮಗೆ ಓದಲು ಬರುವುದಿಲ್ಲ, ತಿಳಿದುಕೊಳ್ಳುವುದರಲ್ಲಿ ತಪ್ಪಿದೆವು, ಹುಡುಗನದು ಏನೂ ಇಲ್ಲ ಎಂದ. ತೋರಿಸಿದ ಜಾಗದಲ್ಲಿ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದ. ಸಲಾಮು ಮಾಡಿ ಹೊರಗೆ ಬಂದ. ಒಳಗೆ ಹೋಗುವಾಗಾಗಲಿ, ಬರುವಾಗಾಗಲಿ, ಅಷ್ಟುದ್ದದ ಜಗಲಿಯಲ್ಲಿ ಒಂದು ಸಲವೂ ಬಗ್ಗಿ ನೆಲ ಮುಟ್ಟಲಿಲ್ಲ. ನಾನು ಮನೆಯಲ್ಲಿ ಬಿಟ್ಟುಬರಬೇಕೆಂದಿದ್ದುದು ಅದನ್ನೇ. ಅಪ್ಪ ತಾನಾಗಿಯೇ ಬಿಟ್ಟುಬಂದಿದ್ದ. ನನಗೆ ಅಳು ಬಂತು.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆ ವರ್ಷ ದೀಪಾವಳಿಯ ರಜೆಗೆ ಊರಿಗೆ ಹೋದಾಗ ಅಪ್ಪ ಮತ್ತೆ ಮುನ್ಷಿಯ ಮನೆಗೆ ಹೋಗಲು ಶುರುಮಾಡಿರಬಹುದೆಂದು ಹೆದರಿಕೊಂಡೇ ಹೊಸಿಲು ದಾಟಿದ್ದೆ. ಅಪ್ಪ ಎರಡು ತಿಂಗಳಿಂದ ಬಂದ ಉರ್ದು ಕಾಗದಗಳನ್ನೆಲ್ಲ ರುಮಾಲಿನ ತುಂಡಿನಲ್ಲಿ ಕಟ್ಟಿಟ್ಟಿದ್ದ. ಗಂಟು ತಂದು ನನ್ನ ಮುಂದೆ ಬಿಚ್ಚಿ, "ಓದಪಾ" ಎಂದು ಕೂತ. ಅಂದಿನಿಂದ ನಾನು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದೆ. ಅವನು ಒಮ್ಮೆಯೂ ಬೆರಳಿನ ಕಡೆ ನೋಡಲಿಲ್ಲ.

ಆ ದಿನ ಮಾತ್ರ, ಬೋರ್ಡಿಂಗಿನ ಜಗಲಿಯ ಕೊನೆಗೆ ಬಂದಾಗ, ಅಪ್ಪ ಗೋಣಿತಾಟು ಬಿಚ್ಚಿ ಕಲ್ಲನ್ನು ಫರ್ಶಿಯ ಮೇಲಿಟ್ಟ. ಕಲ್ಲಿನ ಮೇಲೆ ಕಲ್ಲು. ಎರಡೂ ಒಂದೇ ಬಣ್ಣ. ಅವನು ಕೆಳಗೆ ಕೂತು ಕೋಟಿನ ಗುಂಡಿ ಬಿಚ್ಚಿ, ಸಾಹೇಬರು ಮರಳಿಸಿದ ಕಾಗದವನ್ನು ನನ್ನ ಕೈಗೆ ಕೊಟ್ಟ.

"ಈಗೊಮ್ಮೆ ಓದು. ಕನ್ನಡ ಬ್ಯಾಡ. ಅವರು ಹ್ಯಾಂಗ ಬರ್ದಾರೋ ಹಾಂಗ ಓದು."

ಓದಿದೆ. ಮೇಲಿನ ತಾರೀಕಿನಿಂದ ಕೆಳಗಿನ ಮೊಹರಿನ ತನಕ ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಹಾಸಿಗೆ, ಕಂದೀಲು, ತಂಬಿಗೆ ತರಬೇಕು. ತಂದೆ ಜೊತೆಗೆ ಬರಬೇಕು. ತರಬಾರದ್ದು ಮೂರೇ: ಹತ್ಯಾರು, ನಶೆಯ ಪದಾರ್ಥ, ಸಾಕಿದ ಪ್ರಾಣಿ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಓದು ನಿಂತ ಮೇಲೂ ಇನ್ನೂ ಏನೋ ಇದೆಯೆಂಬಂತೆ ಕಾದ. ಆಮೇಲೆ ಕಣ್ಣು ಬಿಟ್ಟು ಕೇಳಿದ:

"ಇಷ್ಟ ಏನಪಾ? ಮನ್ಯಾಗ ಓದಿದಾಗ ಭಾಳ ಉದ್ದ ಇತ್ತು."